ಎರಡು ರಜೆಯ ಮನೆ

ಕಲಬುರಗಿಯ ಗಾಜಿಪುರದ ಅಮೋಘಪ್ಪನ ಮನೆಗೆ ವಾರದಲ್ಲಿ ಎರಡು ರಜೆ. ಶುಕ್ರವಾರದ್ದು ನಿಜಾಮ ಸರಕಾರ ಕೊಟ್ಟದ್ದು, ರವಿವಾರದ್ದು ದೇವರು ಕೊಟ್ಟದ್ದು. ಶುಕ್ರವಾರ ಕಚೇರಿಗೆ ಬೀಗ. ಅಲ್ಲಿ ಚಪರಾಸಿಯಾಗಿದ್ದ ಮಗ ಚಂದ್ರಶಾ ಅಂದು ಬಿಸಿಲೇರುವ ತನಕ ಕೌದಿ ಹೊದ್ದು ಮಲಗುತ್ತಿದ್ದ. ರವಿವಾರ ಅಮೋಘಪ್ಪನ ಸರದಿ. ಕೆರ ಹೊಲಿಯುವ ಸೂಜಿ, ತೊಗಲು ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಒಗೆದ ಧೋತರ ಉಟ್ಟು, ಪಡಸಾಲೆಯಲ್ಲಿ ಆರಾಧನೆ ನಡೆಸುತ್ತಿದ್ದ. ಅವನು ಊರಿನ ಸಣ್ಣ ಕ್ರೈಸ್ತ ಸಭೆಯ ಹಿರಿಯ. ಇಷ್ಟು ರಜೆ ಇದ್ದ ಮನೆಯಲ್ಲಿ ಸೊಸೆ ಮರೆಮ್ಮನ ಪಾಲಿಗೆ ಅರ್ಧ ದಿನವೂ ಬಂದಿರಲಿಲ್ಲ. ಅದನ್ನು ಯಾರೂ ಗಮನಿಸಿರಲೂ ಇಲ್ಲ.

ರವಿವಾರವೇ ಅವಳಿಗೆ ಎಲ್ಲಕ್ಕಿಂತ ಭಾರದ ದಿನ. ಸುತ್ತಲಿನ ಹಳ್ಳಿಗಳಿಂದ ಮೂವತ್ತು ನಲವತ್ತು ಜನ ಆರಾಧನೆಗೆ ನಡೆದು ಬರುತ್ತಿದ್ದರು. ಅವರೆಲ್ಲರ ಊಟ ಅಮೋಘಪ್ಪನ ಮನೆಯಲ್ಲೇ. ಹದಿನೈದು ವರ್ಷದ ಹಿಂದೆ ಅವನು ದೀಕ್ಷಾಸ್ನಾನ ತೆಗೆದುಕೊಂಡು ಕಮಲಾಪುರದಿಂದ ಕಲಬುರಗಿಗೆ ನಡೆದು ಬಂದಾಗ, ಜಾತಿ ಬಿಟ್ಟವನೆಂದು ಹಾದಿಯ ಊರುಗಳಲ್ಲಿ ಒಬ್ಬರೂ ನೀರು ಕೊಟ್ಟಿರಲಿಲ್ಲ. ಸಭೆಗೆ ಬಂದವರು ಯಾರೂ ತನ್ನ ಮನೆಯಿಂದ ಹಸಿದು ಹೋಗಬಾರದೆಂದು ಅವನು ಅಂದೇ ದೇವರ ಮುಂದೆ ಮಾತು ಕೊಟ್ಟಿದ್ದ. ಮಾತು ದೊಡ್ಡದು, ಮನಸ್ಸೂ ದೊಡ್ಡದು. ಮಾತು ಕೊಟ್ಟವನು ಅಮೋಘಪ್ಪ, ರೊಟ್ಟಿ ಬಡಿಯುವವಳು ಮರೆಮ್ಮ.

ಶನಿವಾರವಿಡೀ ಬೀಸುವುದು, ನೀರು ಹೊರುವುದು. ರವಿವಾರ ಕೋಳಿ ಕೂಗುವ ಮೊದಲೇ ಎದ್ದು ನೂರು ಜೋಳದ ರೊಟ್ಟಿ. ಅತ್ತೆ ಬಂಡಮ್ಮನಿಗೆ ಮೊಣಕಾಲು ಹಿಡಿದ ಮೇಲೆ ಎಂಟು ವರ್ಷದಿಂದ ಅದೆಲ್ಲ ಸೊಸೆಯ ಮೇಲೆಯೇ ಬಿದ್ದಿತ್ತು.

ಆ ಶನಿವಾರ ಮರೆಮ್ಮ ಬೀಸುವ ಕಲ್ಲಿನ ಗೂಟ ಬಿಟ್ಟು ಗೋಡೆಗೆ ಒರಗಿ ಕುಳಿತಳು. ಅವಳಿಗೆ ಏಳು ತಿಂಗಳು.

"ಅತ್ತಿ, ನಾಳಿಗಿ ನನ್ನಿಂದ ಆಗಂಗಿಲ್ರಿ."

ಬಂಡಮ್ಮ ಪುಂಡಿಪಲ್ಯ ಸೋಸುತ್ತಿದ್ದವಳು ತಲೆ ಎತ್ತಿದಳು. "ಏನಾಗಂಗಿಲ್ಲ?"

"ನೂರು ರೊಟ್ಟಿ."

"ಹೊಟ್ಟಿ ನೋಯಾಕತ್ತದೇನು?"

"ಸೊಂಟ. ಮುಂಜಾನಿಂದ ಹಿಡದದ. ಹೋದ ಸಲನೂ ಹಿಂಗೇ ಸುರು ಆಗಿತ್ತಲ್ರಿ."

ಹೋದ ಸಲ ಎಂದರೆ ಎರಡು ವರ್ಷದ ಹಿಂದೆ. ಅಂದೂ ಏಳನೇ ತಿಂಗಳು, ಅಂದೂ ಶನಿವಾರ. ಬಾವಿಯಿಂದ ಎರಡು ಕೊಡ ಹೊತ್ತು ಬಂದವಳು ಹೊಸ್ತಿಲಲ್ಲೇ ಕುಸಿದಿದ್ದಳು. ಹುಟ್ಟಿದ ಗಂಡುಕೂಸು ಅಳಲೇ ಇಲ್ಲ. ಬಂಡಮ್ಮ ಅದನ್ನು ತನ್ನ ಹಳೆ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದಳು. ಈಗ ಅವಳು ಪಲ್ಯದ ಬುಟ್ಟಿ ಸರಿಸಿ, ಮೊಣಕಾಲ ಮೇಲೆ ಕೈಯೂರಿ ಎದ್ದು ಗಂಡನ ಬಳಿ ಹೋದಳು.

"ನಾಳಿನ ಊಟ ಒಂದು ಬಿಡಾಮ್ರಿ. ಹುಡುಗಿ ಸೊಂಟ ಹಿಡಕೊಂಡು ಕುಂತಾಳ."

ಅಮೋಘಪ್ಪ ಕೆರದ ಅಟ್ಟೆಗೆ ಮೊಳೆ ಹೊಡೆಯುತ್ತಿದ್ದ. "ನಾಳಿಗಿ ತುಕಾರಾಮ ಪಾದ್ರಿಯವ್ರು ಬರ್ತಾರ. ಮೂರು ತಿಂಗಳಿಗಿ ಒಮ್ಮಿ ಬರೋರು. ಅವತ್ತೇ ಬಿಡ್ಲೇನು?"

"ಹಂಗಾರ ಇವತ್ತೇ ಒಂದಿಷ್ಟು ಕಡಕ ರೊಟ್ಟಿ ಮಾಡಿಟ್ರಾಯ್ತು. ನಾನೂ ಕೈ ಹಚ್ತೀನಿ."

"ಏಳೆಂಟು ಮೈಲಿ ನಡದು ಬಂದವರಿಗಿ ಒಣ ರೊಟ್ಟಿ ಹಾಕಬೇಕೇನು? ಹಿರ್ಯಾನ ಮನಿ ಒಲ್ಯಾಗ ಬೆಕ್ಕು ಮಲಗ್ಯದ ಅಂತಾರ ಮಂದಿ."

"ಮಂದಿ ಅನ್ಲಿ ಬಿಡ್ರಿ. ಐತವಾರ ನೀವು ಸೂಜಿ ಮುಟ್ಟಂಗಿಲ್ಲ. ಆಕಿ ಮಾತ್ರ ಒಲಿ ಮುಂದ ಬೇಯಬೇಕೇನು?"

"ಸೂಜಿ ಹಿಡಿಯೋದು ದುಡಿಮಿ. ರೊಟ್ಟಿ ಮಾಡೋದು ಸೇವಾ. ಅದು ಕೆಲಸಲ್ಲ, ತಿಳೀತೇನು?"

ಬಂಡಮ್ಮನಿಗೆ ತಿಳಿಯಲಿಲ್ಲ. ಆದರೆ ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬಾಯಿಗೆ ಬಾಯಿ ಕೊಟ್ಟು ಗೆಲ್ಲುವ ನಂಬಿಕೆ ಇರಲಿಲ್ಲ. ಸಂಜೆ ಕಚೇರಿಯಿಂದ ಬಂದ ಚಂದ್ರಶಾನನ್ನು ಹಿಡಿದಳು.

"ನಾಕ್ ಕೊಡ ನೀರು ತಂದು ಹಾಕು. ನಿನ್ನ ಹೇಣತಿ ಕೈಲಿ ಆಗವಲ್ದು."

"ಯವ್ವಾ, ನಾ ಎದಿ ಮ್ಯಾಲ ಸರಕಾರಿ ಪಟ್ಟಾ ಹಾಕ್ಕೊಂಡು ತಿರುಗಾಡಾಂವ. ತಲಿ ಮ್ಯಾಲ ಕೊಡ ಹೊತ್ರ ಗಾಜಿಪುರ ನಗ್ತದ."

"ಹೆಗಲ ಮ್ಯಾಲ ಹೊರು. ತಲಿ ಮ್ಯಾಲ ಯಾರು ಹೊರು ಅಂದಾರ?"

ಚಂದ್ರಶಾ ಕೇಳದವನಂತೆ ಕೈಕಾಲು ತೊಳೆಯಲು ಹೋದ. ನಾಲ್ಕು ಕೊಡವನ್ನೂ ಮರೆಮ್ಮನೇ ತಂದಳು, ದಾರಿಯಲ್ಲಿ ಎರಡೆರಡು ಸಲ ಇಳಿಸಿಕೊಂಡು.

ಮರುದಿನ ಹೊತ್ತು ಏರುವ ಮುನ್ನವೇ ಪಡಸಾಲೆ ತುಂಬಿತು. ತುಕಾರಾಮ ಪಾದ್ರಿ ಬೀದರ ಕಡೆಯಿಂದ ತಟ್ಟು ಕುದುರೆಯ ಮೇಲೆ ಬಂದಿದ್ದರು. ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ಅಂದು ಅವರ ಪ್ರಸಂಗ ದಣಿದವರಿಗೆ ದೇವರು ಕೊಡುವ ನೆಮ್ಮದಿಯ ಮೇಲೆ. ಬಹಳ ಚೆನ್ನಾಗಿತ್ತೆಂದು ಎಲ್ಲರೂ ಆಮೇಲೆ ಹೇಳಿದರು. ಮರೆಮ್ಮ ಆಗ ಅರವತ್ತನೆಯ ರೊಟ್ಟಿ ಬಡಿಯುತ್ತಿದ್ದಳು.

ಪ್ರಸಂಗ ಮುಗಿದ ಮೇಲೆ ಹಾಜರಿ. ಇದು ಆ ಸಭೆಯ ಪದ್ಧತಿ. ಅಮೋಘಪ್ಪ ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗುತ್ತಿದ್ದ, ಕೂತವರು "ಬಂದೀನ್ರಿ" ಅನ್ನುತ್ತಿದ್ದರು. ಮರೆಮ್ಮನ ಹೆಸರು ಬಂದಾಗ ಮಾತ್ರ ಅವನೇ "ಒಳಗದಾಳ" ಎಂದು ಗುರುತು ಹಾಕಿಬಿಡುತ್ತಿದ್ದ. ಅದರಲ್ಲಿ ಮೋಸವಿದೆ ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಮನೆಯೇ ಗುಡಿಯಾದ ಮೇಲೆ ಅಡಿಗೆಮನೆಯಲ್ಲಿ ಇದ್ದವಳೂ ಗುಡಿಯಲ್ಲಿ ಇದ್ದಂತೆಯೇ ಅಲ್ಲವೇ?

ಪಾದ್ರಿ ಅಂದು ವರ್ಷದ ಪಟ್ಟಿಯನ್ನು ತರಿಸಿಕೊಂಡು ನೋಡಿದರು. ಕೈಚೀಲದಿಂದ ಕೆಂಪು ಅಂಚಿನ ಬಿಳಿ ಶಾಲೊಂದನ್ನು ತೆಗೆದರು.

"ವರ್ಷದಾಗ ಒಂದ್ ಐತವಾರನೂ ತಪ್ಪಸದವರಿಗಿ ಇದನ್ನ ಕೊಡಬೇಕಂತ ತಂದೀನಿ. ಸುಗ್ಗಿ, ಬ್ಯಾನಿ, ಲಗ್ನ ಅಂತ ಎಲ್ಲರೂ ಒಂದೆರಡ ಸಲ ತಪ್ಪಸ್ಯಾರ. ಹಿರೇರನ್ನ ಬಿಟ್ರ ತಪ್ಪಸದವ್ರು ಒಬ್ಬರೇ ಇದ್ದಾರ. ಮರೆಮ್ಮ ಅಂದ್ರ ಯಾರು ತಾಯಿ? ಮುಂದ ಬರ್ರಿ."

ಎಲ್ಲರೂ ಹಿಂದೆ ತಿರುಗಿ ನೋಡಿದರು. ಅಮೋಘಪ್ಪನ ಮುಖ ಹಿಗ್ಗಿತು. "ನನ್ನ ಸೊಸಿ ರೀ," ಎಂದು ತಾನೇ ಎದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕರೆದ. "ಮರೆಮ್ಮ, ಬಾ ಇಲ್ಲಿ. ಪಾದ್ರಿಯವ್ರು ಕರ್ಯಾಕತ್ತಾರ."

"ಹಂಚಿನ ಮ್ಯಾಲ ರೊಟ್ಟಿ ಅದರಿ ಮಾವಾರ."

"ಇರ್ಲಿ, ಬಾ."

ಅವಳು ಬಂದಳು. ಮೊಣಕೈವರೆಗೂ ಹಿಟ್ಟು, ಹೊಗೆಗೆ ಕೆಂಪಾದ ಕಣ್ಣು, ಒಂದು ಕೈ ಸೊಂಟದ ಮೇಲೆ. ಪಾದ್ರಿ ಶಾಲು ಚಾಚಿದರು. ಯಾಕೆ ಕೊಡುತ್ತಿದ್ದಾರೆಂದು ಪಕ್ಕದ ಹೆಣ್ಣುಮಗಳೊಬ್ಬಳು ಕಿವಿಯಲ್ಲಿ ಹೇಳಿದಳು. ಮರೆಮ್ಮ ಮಾವನ ಕಡೆ ಒಮ್ಮೆ, ಶಾಲಿನ ಕಡೆ ಒಮ್ಮೆ ನೋಡಿದಳು. ಅವಳಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

"ಇದು ನನ್ಗ ಬ್ಯಾಡ್ರಿ. ನಾ ಒಂದ್ ದಿನಾನೂ ಇಲ್ಲಿ ಕುಂತಿಲ್ಲ."

"ಹಂಗಂದ್ರ?"

"ಎಂಟು ವರ್ಷ ಆಯ್ತು ರೀ. ನೀವು ಏನ್ ಹೇಳ್ತೀರಿ, ಇವ್ರು ಏನ್ ಹಾಡ್ತಾರ, ನನ್ಗ ಒಂದೂ ಗೊತ್ತಿಲ್ಲ. ನನ್ಗ ಗೊತ್ತಿರೋದು ನೂರು ರೊಟ್ಟಿ ಅಷ್ಟ."

ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಅಮೋಘಪ್ಪ ತಡವರಿಸಿದ. "ಒಳಗೇ ಇರ್ತಾಳಲ್ರಿ. ಒಲಿ ಮುಂದ ಕುಂತ್ರೂ ಹಾಡು, ವಚನ ಎಲ್ಲಾ ಕೇಳಸ್ತಾವ."

ಪಾದ್ರಿ ಅವನನ್ನು ಬೈಯಲಿಲ್ಲ. ಶಾಲು ಮಡಚಿ ಗೋಡೆಯ ಗೂಡಿನಲ್ಲಿಟ್ಟು, "ಇಲ್ಲೇ ಇರ್ಲಿ," ಎಂದರು. ಅಂದು ಊಟ ಮಾಡಿದವರೆಲ್ಲ ತಲೆ ತಗ್ಗಿಸಿಯೇ ಮಾಡಿದರು.

ಮಂದಿ ಹೋದ ಮೇಲೆ ಮನೆಯಲ್ಲಿ ರಂಪವಾಯಿತು.

"ಹತ್ತು ಮಂದಿ ಮುಂದ ನನ್ನ ಸುಳ್ಳುಗಾರನ್ನ ಮಾಡಿದಿ," ಎಂದ ಅಮೋಘಪ್ಪ.

"ನಾ ಖರೇ ಹೇಳೀನಿ ಮಾವಾರ."

"ನನ್ಗ ಮನ್ಯಾಗ ಹೇಳಬೇಕಿತ್ತು."

"ನಿನ್ನಿ ಹೇಳಿದ್ನಲ್ರಿ," ಎಂದು ಬಂಡಮ್ಮ ನಡುವೆ ಬಂದಳು. "ನೀವು ಮೊಳಿ ಹೊಡ್ಯಾಕತ್ತಿದ್ರಿ."

ಮಾತು ಮುಂದುವರಿಯುವಷ್ಟರಲ್ಲಿ ಮರೆಮ್ಮ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಳು. ಬಂಡಮ್ಮ ಮೊಣಕಾಲ ನೋವು ಮರೆತು ಓಡಿಹೋಗಿ ಸೂಲಗಿತ್ತಿಯನ್ನು ಕರೆತಂದಳು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಎಣ್ಣೆ ಸವರಿ, ಮಲಗಿಸಿದಳು. ಸಂಜೆ ಚಂದ್ರಶಾ ಕಚೇರಿಯಿಂದ ಬಂದಾಗ ಸೂಲಗಿತ್ತಿ ಇನ್ನೂ ಹೊಸ್ತಿಲಲ್ಲೇ ಕೂತಿದ್ದಳು.

"ಕೂಸು ಆಡಾಕತ್ತದ, ಅಂಜಬ್ಯಾಡ. ಆದ್ರ ಇನ್ನ ಆಕಿ ಕೊಡ ಎತ್ತಬಾರ್ದು, ಕಲ್ಲು ತಿರಗಸಬಾರ್ದು. ಈ ಮನ್ಯಾಗ ಇದ್ರ ಆಕಿ ಸುಮ್ನ ಮಲಗಂಗಿಲ್ಲ. ನಾಕ್ ದಿನ ಬಿಟ್ಟು ತವರಿಗಿ ಕಳಸು. ಗಾಡ್ಯಾಗ ಹುಲ್ಲು ದಪ್ಪ ಹಾಸು."

ಚಂದ್ರಶಾ ಒಳಗೆ ಹೋದ. ಮರೆಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಹೊರಗೆ ಬಂದು, ಖಾಲಿ ಕೊಡ ಹೆಗಲಿಗೇರಿಸಿ ಬಾವಿಗೆ ನಡೆದ. ಸರಕಾರಿ ಪಟ್ಟಾ ಇನ್ನೂ ಎದೆಯ ಮೇಲೆಯೇ ಇತ್ತು. ಗಾಜಿಪುರ ನಕ್ಕಿತೋ ಇಲ್ಲವೋ ಅವನು ನೋಡಲಿಲ್ಲ.

ಶುಕ್ರವಾರ ನಸುಕಿನಲ್ಲಿ ಕರೀಂಸಾಬನ ಗಾಡಿ ಬಂತು. ಅಂದು ರಜೆಯಿದ್ದ ಚಂದ್ರಶಾ ಹುಲ್ಲು ದಪ್ಪ ಹಾಸಿ ತಾನೂ ಜೊತೆಗೆ ಹೊರಟ. ಮರೆಮ್ಮನ ತವರು ಕಮಲಾಪುರಕ್ಕೆ ಇಡೀ ದಿನದ ದಾರಿ. ಅಮೋಘಪ್ಪ ಹೊರಗೆ ಬರಲಿಲ್ಲ, ಪಟ್ಟಿ ತಿರುವಿಹಾಕುತ್ತ ಪಡಸಾಲೆಯಲ್ಲೇ ಕೂತ. ಬಂಡಮ್ಮ ಬುತ್ತಿ ಕಟ್ಟಿಕೊಟ್ಟು ಸೊಸೆಯ ಕೆನ್ನೆ ಸವರಿದಳು.

"ಹಡದ ಮ್ಯಾಲೇ ಬಾ. ಇಲ್ಲಿದು ನಾ ನೋಡ್ಕೋತೀನಿ."

ಮಧ್ಯಾಹ್ನ ದಾರಿಯ ಊರೊಂದರಲ್ಲಿ ಕರೀಂಸಾಬ್ ಗಾಡಿ ನಿಲ್ಲಿಸಿ ಎತ್ತುಗಳನ್ನು ನೊಗದಿಂದ ಬಿಚ್ಚಿದ. "ಜುಮಾ ನಮಾಜ್ ಮುಗಿಸ್ಕೊಂಡು ಬರ್ತೀನಿ ತಂಗಿ. ಎತ್ತಿಗಿನೂ ಒಂದ್ ತಾಸು ದಮ್ ಸಿಗ್ತದ."

ಎತ್ತುಗಳು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕತೊಡಗಿದವು. ಮರೆಮ್ಮ ಅವನ್ನೇ ನೋಡುತ್ತಿದ್ದಳು.

"ನೋಡ್ರಿ, ಕರೀಂಸಾಬಗ ಜುಮಾ ಅದ, ಅವನ ಎತ್ತಿಗಿನೂ ಅದ. ನಾ ರಜಾ ಕೇಳಬಾರ್ದೇನು?"

"ಕೇಳು," ಎಂದ ಚಂದ್ರಶಾ. ಅವಳ ಬೆನ್ನಿಗೆ ಹುಲ್ಲು ಸರಿಪಡಿಸುತ್ತ, "ಶುಕ್ರವಾರ ನಾ ಮಲಗೇ ಇರ್ತಿದ್ದೆ. ಎದ್ದು ನೋಡಬೇಕಿತ್ತು," ಎಂದ. ಮದುವೆಯಾದ ಎಂಟು ವರ್ಷದಲ್ಲಿ ಅವನು ತಪ್ಪೊಪ್ಪಿದ್ದು ಇದೇ ಮೊದಲು. ಮರೆಮ್ಮ ಬುತ್ತಿ ಬಿಚ್ಚಿ ಮೊದಲ ರೊಟ್ಟಿ ಅವನ ಕೈಗಿಟ್ಟಳು.

ಕಮಲಾಪುರದಲ್ಲಿ ಮರೆಮ್ಮನ ತಾಯಿ ಮಲ್ಕಮ್ಮ ಬೇರೆಯವರ ಕೆಂಬಾಳೆ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಮಗಳ ಮುಖ ನೋಡಿದವಳೇ ಒಂದು ಮಾತೂ ಕೇಳದೆ ಹಾಸಿಗೆ ಹಾಸಿದಳು. ಚಂದ್ರಶಾ ಆ ರಾತ್ರಿಯೇ ಅದೇ ಗಾಡಿಯಲ್ಲಿ ತಿರುಗಿ ಹೋದ.

ಮರೆಮ್ಮನಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಮೊದಲ ವಾರ ನಸುಕಿನಲ್ಲೇ ಎಚ್ಚರವಾಗಿ, ಮಲಗಿದಲ್ಲೇ ಬೀಸುವ ಕಲ್ಲಿನ ಗೂಟಕ್ಕಾಗಿ ಕೈ ಚಾಚುತ್ತಿದ್ದಳು.

"ಏನ್ ಹುಡುಕಾಕತ್ತಿ?"

"ಏನಿಲ್ಲವ್ವ. ಹೊತ್ತಾಯ್ತೇನೋ ಅಂತ."

"ಯಾವುದಕ್ಕ ಹೊತ್ತಾಯ್ತು? ಮಲಗು."

ರವಿವಾರ ತಾಯಿ ಅವಳನ್ನು ಆರಾಧನೆಗೆ ಕರೆದೊಯ್ದಳು. ಕಮಲಾಪುರದ ಸಭೆ ಎಂದರೆ ಐದು ಮನೆ, ಒಂದು ಬೇವಿನ ಮರ, ಓದಲು ಬರುವ ಒಬ್ಬ ಮುದುಕ ಕಾಶಿರಾಯ. ಮರೆಮ್ಮ ಎಂಟು ವರ್ಷದ ಮೇಲೆ ಮೊದಲ ಸಲ ಮೊದಲ ಹಾಡಿನಿಂದ ಕೂತಳು. ಹಾಡು ಕೇಳಿದಳು, ಪ್ರಾರ್ಥನೆ ಕೇಳಿದಳು. ಕಾಶಿರಾಯ ಪ್ರಸಂಗ ಶುರು ಮಾಡುತ್ತಲೇ ತಾಯಿಯ ಹೆಗಲಿಗೆ ಒರಗಿ ನಿದ್ದೆ ಹೋದಳು. ಎಚ್ಚರವಾದಾಗ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದರು.

"ಅಯ್ಯ, ಒಂದ್ ಮಾತೂ ಕೇಳಲಿಲ್ಲಲ್ಲವ್ವ," ಎಂದು ಅವಳು ನಾಚಿದಳು.

ಕಾಶಿರಾಯ ನಕ್ಕ. "ಬರೋ ವಾರ ಅದನ್ನೇ ಹೇಳ್ತೀನಿ ಬಿಡು ಯವ್ವ. ನನ್ಗೂ ಬ್ಯಾರೆ ಹುಡುಕೋದು ತಪ್ಪತದ."

ಅವನು ಮಾತಿಗೆ ತಪ್ಪಲಿಲ್ಲ, ಮುಂದಿನ ವಾರ ಅದನ್ನೇ ಹೇಳಿದ. ಮರೆಮ್ಮ ಅರ್ಧದವರೆಗೆ ಎಚ್ಚರವಿದ್ದಳು. ಮೂರನೆಯ ವಾರ ಪೂರ್ತಿ ಕೇಳಿದಳು. ಅಷ್ಟರಲ್ಲಿ ಸೊಂಟದ ನೋವು ಹೋಗಿ ಕೆನ್ನೆ ತುಂಬಿಕೊಂಡಿತ್ತು. ಏಳನೆಯ ತಿಂಗಳು ದಾಟಿತೆಂದು ಗೊತ್ತಾದ ದಿನ ತಾಯಿ ಮಗಳಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಇತ್ತ ಗಾಜಿಪುರದಲ್ಲಿ ಮೊದಲ ರವಿವಾರ ಬಂಡಮ್ಮ ಹೇಗೋ ಅರವತ್ತು ರೊಟ್ಟಿ ಬಡಿದಳು. ನೆರೆಯವರು ಉಳಿದದ್ದನ್ನು ಮಾಡಿಕೊಟ್ಟರು. ಮೂರು ದಿನ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ. ಎರಡನೆಯ ಶನಿವಾರ ಅವಳು ಜೋಳದ ಬುಟ್ಟಿ ತಂದು ಗಂಡನ ಮುಂದಿಟ್ಟಳು.

"ಏನಿದು?"

"ನಾಳಿನ ಜ್ವಾಳ. ಬೀಸ್ರಿ."

"ನಾನು?"

"ದೇವರಿಗಿ ಮಾತು ಕೊಟ್ಟವ್ರು ನೀವಲ್ರಿ? ನಾ ಕೊಟ್ಟಿಲ್ಲ. ಸೇವಾ ಅಂತೀರಿ. ಹಿರೇರಿಗಿ ಸೇವಾ ಬ್ಯಾಡಂದ್ರ ಹ್ಯಾಂಗ?"

ಅಮೋಘಪ್ಪ ಹಟಮಾರಿ. ಹಟಕ್ಕೇ ಕೂತು ಬೀಸಿದ. ಅರ್ಧ ಬುಟ್ಟಿ ಮುಗಿಯುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತು. ಉಳಿದರ್ಧವನ್ನು ಚಂದ್ರಶಾ ಬೀಸಿದ. ಶುಕ್ರವಾರವೇ ಅವನು ಎದ್ದು ಹಂಡೆ, ಗಡಿಗೆ ಎಲ್ಲ ನೀರು ತುಂಬಿಟ್ಟಿದ್ದ.

ರವಿವಾರ ಅಮೋಘಪ್ಪ ಆರಾಧನೆ ನಡೆಸುವ ಕೆಲಸವನ್ನು ಶಾಲೆ ಮಾಸ್ತರ ದೇವೀಂದ್ರಪ್ಪನಿಗೆ ಒಪ್ಪಿಸಿ ಒಲೆಯ ಮುಂದೆ ಕೂತ. ಬಂಡಮ್ಮ ಗೋಡೆಗೆ ಒರಗಿ ಕಾಲು ಚಾಚಿಕೊಂಡು ಹೇಳಿಕೊಟ್ಟಳು. ಮೊದಲ ರೊಟ್ಟಿ ಹರಿಯಿತು. ಎರಡನೆಯದು ಹಂಚಿಗೆ ಅಂಟಿತು. ಹತ್ತನೆಯದರ ಹೊತ್ತಿಗೆ ಕಣ್ಣಲ್ಲಿ ಹೊಗೆ, ಬೆನ್ನಲ್ಲಿ ಬೆಂಕಿ. ಹೊರಗೆ ಹಾಡು ಶುರುವಾಯಿತು. ಅದು ತನಗೆ ಬಾಯಿಪಾಠವಾದ ಹಾಡೇ ಇರಬೇಕು ಎಂದು ಅಮೋಘಪ್ಪ ಕಿವಿಗೊಟ್ಟ. ರೊಟ್ಟಿ ಬಡಿಯುವ ಸದ್ದು, ಕಟ್ಟಿಗೆ ಚಟಪಟ ಅನ್ನುವ ಸದ್ದು, ನಡುವೆ ಮೊಳದಗಲದ ಮಣ್ಣಿನ ಗೋಡೆ. ಯಾರೋ ದೂರದಲ್ಲಿ ಗೊಣಗಿದ ಹಾಗಿತ್ತು, ಅಷ್ಟೇ. ಕೈ ನಿಲ್ಲಿಸಿ ಕೇಳೋಣವೆಂದರೆ ಹಂಚಿನ ಮೇಲಿನದು ಸೀದಿತು.

"ಏನ್ ಹಾಡಾಕತ್ತಾರ?" ಎಂದು ಕೇಳಿದ.

"ನನ್ಗ ಹ್ಯಾಂಗ ಗೊತ್ತಾಗಬೇಕ್ರಿ? ಇಲ್ಲಿ ಕುಂತ್ರ ಯಾವಾಗರ ಕೇಳ್ಸ್ಯಾದೇನು?"

ಸ್ವಲ್ಪ ಹೊತ್ತಿನ ಮೇಲೆ ದೇವೀಂದ್ರಪ್ಪ ಬಾಗಿಲಿಗೆ ಬಂದ. ಕೈಯಲ್ಲಿ ಹಾಜರಿಪಟ್ಟಿ.

"ನಿಮ್ಮ ಹೆಸರು ಮೂರು ಸಲ ಕೂಗೀನ್ರಿ ಹಿರೇರ. ಜವಾಬಿಲ್ಲ. ಏನ್ ಬರೀಲಿ? ಒಳಗ ಇದ್ದಾರ ಅಂತ ಬರೀಲೇನು?"

ಅವನು ಕುಚೋದ್ಯಕ್ಕೆ ಕೇಳಿದ್ದಲ್ಲ. ಆದರೆ ಅಮೋಘಪ್ಪನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೂರು ಸಲ ಕೂಗಿದ ತನ್ನ ಹೆಸರೇ ತನಗೆ ಕೇಳಿಸಿರಲಿಲ್ಲ.

"ಬ್ಯಾಡ," ಎಂದ. "ಗೈರ್‌ಹಾಜರ್ ಅಂತ ಬರಿ."

ಅಂದು ಮಂದಿಗೆ ಹರಕು ರೊಟ್ಟಿ, ಸೀದ ರೊಟ್ಟಿ ಸಿಕ್ಕಿತು. ಎಲ್ಲರೂ ಅದನ್ನೇ ತಿಂದರು. ಊಟವಾದ ಮೇಲೆ ಅಮೋಘಪ್ಪ ಬೊಬ್ಬೆ ಕೈಯಲ್ಲೇ ಲೇಖಣಿ ಹಿಡಿದು ಪಟ್ಟಿ ಬಿಚ್ಚಿ ಕೂತ. ವರ್ಷವಿಡೀ ಮರೆಮ್ಮನ ಹೆಸರಿನ ಮುಂದೆ ಹಾಕಿದ್ದ ಗುರುತುಗಳನ್ನು ಒಂದೊಂದಾಗಿ ಹೊಡೆದುಹಾಕಿದ. ನೋಡುತ್ತಿದ್ದ ಬಂಡಮ್ಮನಿಗೆ ಗಂಡನ ಮೇಲಿನ ಸಿಟ್ಟೆಲ್ಲ ಇಳಿದುಹೋಯಿತು. ಎದ್ದುಹೋಗಿ ಎಣ್ಣೆ ತಂದು ಅವನ ಅಂಗೈಗೆ ಹಚ್ಚಿದಳು.

ಮುಂದಿನ ರವಿವಾರ ಊಟ ಇಲ್ಲವೆಂದು ಹೇಳಿಕಳಿಸಿ ಅಮೋಘಪ್ಪ ಶನಿವಾರವೇ ಕಮಲಾಪುರಕ್ಕೆ ಹೊರಟ. ಕರೀಂಸಾಬನ ಗಾಡಿ ತಡವಾಗಿ, ದಾರಿಯಲ್ಲೇ ಒಂದು ಚಾವಡಿಯಲ್ಲಿ ಮಲಗಿ, ರವಿವಾರ ಬೇವಿನ ಮರ ಮುಟ್ಟುವಾಗ ಕೊನೆಯ ಹಾಡು ನಡೆದಿತ್ತು. ಮರೆಮ್ಮ ಹೆಣ್ಣುಮಕ್ಕಳ ನಡುವೆ ಕೂತು ಹಾಡುತ್ತಿದ್ದಳು. ಸೊಸೆಯ ದನಿ ಇಷ್ಟು ಚಂದವಿದೆ ಎಂದು ಅವನಿಗೆ ಆವತ್ತೇ ಗೊತ್ತಾದದ್ದು.

ಮಾವನನ್ನು ನೋಡಿ ಅವಳ ದನಿ ನಿಂತುಹೋಯಿತು. ಕರೆದೊಯ್ಯಲು ಬಂದಿದ್ದಾನೆ ಅಂದುಕೊಂಡಳು.

ಆರಾಧನೆ ಮುಗಿದು ಎಲ್ಲರೂ ಬುತ್ತಿ ಬಿಚ್ಚಿದರು. ಅಮೋಘಪ್ಪ ಸುತ್ತ ನೋಡಿದ. ಒಲೆ ಇಲ್ಲ, ಹೊಗೆ ಇಲ್ಲ. ಎಲ್ಲರ ಅರಿವೆಯಲ್ಲೂ ಶನಿವಾರ ಮಾಡಿದ ಕಡಕ ರೊಟ್ಟಿ. ಅವನ ಹತ್ತಿರ ಬುತ್ತಿಯೇ ಇರಲಿಲ್ಲ. ಹದಿನೈದು ವರ್ಷ ಊಟಕ್ಕೆ ಹಾಕಿದವನಿಗೆ ಒಯ್ಯಬೇಕೆಂದು ಹೊಳೆದಿರಲಿಲ್ಲ.

ಮಲ್ಕಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು. "ಬೀಗ್ರ, ನಮ್ಮಲ್ಲಿ ಐತವಾರ ಯಾರೂ ಒಲಿ ಹೊತ್ತಸಂಗಿಲ್ರಿ. ಒಣ ರೊಟ್ಟಿ ನಡೀತದೇನ್ರಿ ನಿಮ್ಗ?"

"ನಡೀತದವ್ವ," ಎಂದ ಅಮೋಘಪ್ಪ. ದನಿ ಸಣ್ಣಗಾಗಿತ್ತು.

ಒಬ್ಬರು ರೊಟ್ಟಿ ಹಾಕಿದರು, ಒಬ್ಬರು ಶೇಂಗಾ ಹಿಂಡಿ, ಒಬ್ಬರು ಉಳ್ಳಾಗಡ್ಡಿ. ಕಾಶಿರಾಯ ತನ್ನ ಮೊಸರಿನ ಚಂಬನ್ನೇ ಮುಂದಿಟ್ಟ. ಮಲ್ಕಮ್ಮ ಎರಡು ಕೆಂಬಾಳೆ ಹಣ್ಣು ಕೊಟ್ಟಳು. ಐದು ಮನೆಯ ಬುತ್ತಿಯಿಂದ ಅಮೋಘಪ್ಪನ ಹೊಟ್ಟೆ ತುಂಬಿತು. ಬೇರೆ ಯಾರ ಹೊಟ್ಟೆಯೂ ಹಸಿದಿರಲಿಲ್ಲ. ತಾನು ದೇವರಿಗೆ ಕೊಟ್ಟ ಮಾತು ಇಲ್ಲಿ ಯಾರ ಬೆನ್ನೂ ಮುರಿಯದೆ ನಡೆಯುತ್ತಿತ್ತು.

ಕೈ ತೊಳೆದು ಅವನು ಮರೆಮ್ಮನ ಹತ್ತಿರ, ಸ್ವಲ್ಪ ದೂರ ಬಿಟ್ಟು ಕೂತ.

"ಕರ್ಕೊಂಡು ಹೋಗಾಕ ಬಂದಿಲ್ಲ ಯವ್ವ. ಹೆದರಬ್ಯಾಡ."

ಅವಳು ತಲೆ ತಗ್ಗಿಸಿದ್ದಳು.

"ಒಂದ್ ಐತವಾರ ನಾ ನಿನ್ನ ಜಾಗಾದಾಗ ಕುಂತಿದ್ದೆ. ಒಲಿ ಮುಂದ ಒಂದ್ ಮಾತೂ ಕೇಳ್ಸಂಗಿಲ್ಲ. ನನ್ನ ಹೆಸರೇ ಕೇಳ್ಸಲಿಲ್ಲ."

"ಮಾವಾರ."

"ನಾ ಸುಳ್ಳು ಹಾಜರಿ ಹಾಕೀನಿ. ಎಂಟು ವರ್ಷ. ಈ ವರ್ಷದ್ದೆಲ್ಲಾ ಕಾಟ್ ಹೊಡದು ಬಂದೀನಿ. ಮೊದಲಿನ ಕೂಸೂ..." ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ.

ಮರೆಮ್ಮನಿಗೂ ಅಳು ಬಂತು. ಈ ಅಳುವಿನಲ್ಲಿ ಸಿಟ್ಟಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರವಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು.

"ರೊಟ್ಟಿ ನೀವೇ ಬಡದ್ರೇನ್ರಿ?"

"ಬಡದೆ."

"ಹ್ಯಾಂಗ ಬಂದ್ವು?"

"ಒಂದೂ ದುಂಡಗ ಬರ್ಲಿಲ್ಲ."

ಅವಳು ಅಳುತ್ತಲೇ ನಕ್ಕಳು. ಅಮೋಘಪ್ಪನೂ ನಕ್ಕ.

ಕಲಬುರಗಿಗೆ ಬಂದ ಮೇಲಿನ ರವಿವಾರ ಅವನು ಸಭೆಗೆ ಹೇಳಿದ. ಇನ್ನು ಮೇಲೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಬರಬೇಕು, ಇಲ್ಲದವರಿಗೆ ಇದ್ದವರು ಹಂಚಬೇಕು, ಈ ಮನೆಯ ಒಲೆ ಅಂದು ಹೊತ್ತುವುದಿಲ್ಲ. ಮಂದಿ ಮುಖ ಸಿಂಡರಿಸಿಯಾರೆಂದು ಅಂಜಿದ್ದ. ಒಬ್ಬ ಮುದುಕಿ ಎದ್ದು, "ಬಿಸಿ ರೊಟ್ಟಿ ನಾವ್ ಯಾವತ್ ಕೇಳೀವ್ರಿ? ನಿಮ್ಮ ಸೊಸಿ ಮುಖ ನೋಡಿ ನಮ್ಗ ಗಂಟಲ್ದಾಗ ಇಳೀತಿರ್ಲಿಲ್ಲ," ಎಂದಳು. ಹಲವರು ತಲೆಯಾಡಿಸಿದರು. ಇಷ್ಟು ವರ್ಷ ಮಂದಿಗೆ ಅಂಜಿದ್ದು ತಾನೊಬ್ಬನೇ ಎಂದು ಅಮೋಘಪ್ಪನಿಗೆ ತಿಳಿಯಿತು.

ಎರಡು ತಿಂಗಳ ಮೇಲೆ ಕಮಲಾಪುರದಿಂದ ಸುದ್ದಿ ಬಂತು. ಹೆಣ್ಣುಕೂಸು. ಹುಟ್ಟುತ್ತಲೇ ಊರಿಗೆಲ್ಲ ಕೇಳುವಂತೆ ಅತ್ತಿತಂತೆ. ಚಂದ್ರಶಾ ಸುದ್ದಿ ತಂದ ಕರೀಂಸಾಬನನ್ನು ತಬ್ಬಿಕೊಂಡ. ಬಂಡಮ್ಮ ಎರಡು ವರ್ಷದಿಂದ ತಡೆಹಿಡಿದಿದ್ದ ಅಳುವನ್ನೆಲ್ಲ ಬೀಸುವ ಕಲ್ಲಿನ ಮೇಲೆ ಕೂತು ಅತ್ತು ಮುಗಿಸಿದಳು.

ಬಾಣಂತನ ಮುಗಿಸಿ ಮರೆಮ್ಮ ಗಾಜಿಪುರಕ್ಕೆ ಬಂದದ್ದು ಒಂದು ಶನಿವಾರ. ಮರುದಿನ ನಸುಕಿನಲ್ಲಿ ಅಭ್ಯಾಸದಂತೆ ಎದ್ದು ಅಡಿಗೆಮನೆಗೆ ಹೋದಳು. ಹಿಟ್ಟಿನ ಬುಟ್ಟಿ ಖಾಲಿ. ಒಲೆಯ ತಣ್ಣನೆಯ ಬೂದಿಯಲ್ಲಿ ಮನೆಯ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಹಿಂದೆ ಬಂದ ಬಂಡಮ್ಮ ಅವಳ ರಟ್ಟೆ ಹಿಡಿದಳು.

"ಅದನ್ನ ಎಬ್ಬಸಬ್ಯಾಡ. ಐತವಾರ ಅದರ ಜಾಗಾ ಅದು."

ಪಡಸಾಲೆ ತುಂಬಿತು. ಗೋಡೆಯ ಪಕ್ಕ ಬುತ್ತಿಯ ಗಂಟುಗಳು ಸಾಲಾಗಿ ಕೂತವು. ಅಮೋಘಪ್ಪ ಗೂಡಿನಿಂದ ಕೆಂಪು ಅಂಚಿನ ಶಾಲು ತೆಗೆದು ಸೊಸೆಯ ಮುಂದೆ ಹಿಡಿದ.

"ಕೂಸಿಗಿ ಹೊದಸು."

"ಬ್ಯಾಡ್ರಿ ಮಾವಾರ. ವರ್ಷ ತುಂಬ್ಲಿ. ಆವಾಗ ನಾನೇ ತಗೋತೀನಿ."

ಅವನು ಶಾಲು ತಿರುಗಿ ಗೂಡಿನಲ್ಲಿಟ್ಟ. ಮರೆಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಳು. ಹಾಡಾಯಿತು, ಪ್ರಾರ್ಥನೆಯಾಯಿತು, ಪ್ರಸಂಗವಾಯಿತು. ಕೊನೆಗೆ ಅಮೋಘಪ್ಪ ಪಟ್ಟಿ ಬಿಚ್ಚಿ ಹೆಸರು ಕೂಗತೊಡಗಿದ. ಒಬ್ಬೊಬ್ಬರೂ ಉತ್ತರ ಕೊಟ್ಟರು.

"ಮರೆಮ್ಮ," ಎಂದ.

ಲೇಖಣಿ ಎತ್ತಿ ಹಿಡಿದು ಕಾದ. ಇಷ್ಟು ವರ್ಷ ಆ ಹೆಸರಿನ ಮುಂದೆ ಅವನು ಒಂದು ಗಳಿಗೆಯೂ ಕಾದವನಲ್ಲ. ಮರೆಮ್ಮ ಕೂಸನ್ನು ಎದೆಗೆ ಎತ್ತಿಕೊಂಡಳು. ಕೂಸು ಕೈಕಾಲು ಆಡಿಸಿ ಸಣ್ಣಗೆ ಕೂಗಿತು, ಯಾರೋ ಕಿಸಕ್ಕೆಂದರು. ಅಮೋಘಪ್ಪ ಕಾಯುತ್ತಲೇ ಇದ್ದ.

"ಬಂದೀನ್ರಿ," ಎಂದಳು ಮರೆಮ್ಮ.

ಅವನು ಗುರುತು ಹಾಕಿದ.